ಕ್ಲಾರಿಸ್ ಆದಮೇಲೆ ಏನು? 20 ಸಾವಿರದಲ್ಲಿ ಗ್ರೂಪ್‌ಸೆಟ್ ಬದಲಾಯಿಸಬಹುದಾ?

ವಿಜಯನಗರ_ರೈಡರ್

ಎಲ್ಲರಿಗೂ ನಮಸ್ಕಾರ. ಗೇರ್ ವಿಷಯದಲ್ಲಿ ಸಲಹೆ ಬೇಕಿತ್ತು.

ನನ್ನದು ಅಲ್ಯೂಮಿನಿಯಂ ಫ್ರೇಮಿನ ರೋಡ್ ಬೈಕ್, ರಿಮ್ ಬ್ರೇಕ್. ಗ್ರೂಪ್‌ಸೆಟ್ (ಗೇರ್, ಗೇರ್ ಹಾಕುವ ಲಿವರ್, ಬ್ರೇಕ್ ಎಲ್ಲ ಸೇರಿದ ಸೆಟ್) ಶಿಮಾನೋ ಕ್ಲಾರಿಸ್ ಆರ್2000, ಅಂದರೆ ಹಿಂದೆ 8 ಗೇರ್. ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ (50/34). ಹಿಂದಿನ ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್, 11ರಿಂದ 28 ಹಲ್ಲಿನದು (11-28). ವಾರದಲ್ಲಿ ಆಫೀಸಿಗೆ, ಭಾನುವಾರ ನಂದಿ ಕಡೆ.

ತೊಂದರೆ ಮೂರು. ನಂದಿ ಏರಿನಲ್ಲಿ ಇರುವುದರಲ್ಲೇ ಹಗುರ ಗೇರ್ ಹಾಕಿದರೂ ಭಾರ. ಮೇಲಿನ ತಿರುವುಗಳಲ್ಲಿ ಎದ್ದು ನಿಂತು ತುಳಿಯಬೇಕು, ಮಾರನೇ ದಿನ ಮಂಡಿ ನೋವು. ಏರ್‌ಪೋರ್ಟ್ ರೋಡಿನಲ್ಲಿ ಎದುರುಗಾಳಿ ಬಂದರೆ ಸರಿಯಾದ ಗೇರೇ ಸಿಗುವುದಿಲ್ಲ. ಒಂದು ತೀರಾ ಹಗುರ, ಪಕ್ಕದ್ದು ಭಾರ. ಇನ್ನೊಂದು, ಈಚೆಗೆ ಜೋರಾಗಿ ತುಳಿದಾಗ ಚೈನ್ ಕಟಕ್ ಅಂತ ಹಾರುತ್ತದೆ.

ಅಂಗಡಿಯಲ್ಲಿ ತೋರಿಸಿದೆ. "ಇದನ್ನ ರಿಪೇರಿ ಮಾಡಿ ಪ್ರಯೋಜನ ಇಲ್ಲ, ಪೂರ್ತಿ 105 ಹಾಕಿಸಿಬಿಡಿ" ಅಂದರು. ಶಿಮಾನೋದಲ್ಲಿ ಕ್ಲಾರಿಸ್ ಮೇಲೆ ಸೋರಾ, ಟಿಯಾಗ್ರಾ, 105 ಹೀಗೆ ದರ್ಜೆ ಏರುತ್ತದೆ. ನನ್ನ ಹತ್ತಿರ ಇರುವುದು ಕೂಲಿ ಸೇರಿ 20 ಸಾವಿರ. ಮುಂದಿನ ಸೀಸನ್‌ನಲ್ಲಿ 200 ಕಿ.ಮೀ. ಬಿಆರ್‌ಎಂ (ನಿಗದಿತ ಸಮಯದಲ್ಲಿ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮಾಡುವ ಆಸೆ ಇದೆ. ಸೆಕೆಂಡ್ ಹ್ಯಾಂಡ್ 105 ಹುಡುಕಲಾ, ಇನ್ನಷ್ಟು ದುಡ್ಡು ಸೇರಿಸಿ ಹೊಸ ಟಿಯಾಗ್ರಾ ತಗೊಳ್ಳಲಾ?

ಹೆಬ್ಬಾಳದ_ಗಾಳಿ

105 ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಒಮ್ಮೆ ಆ ಶಿಫ್ಟಿಂಗ್ ಅಭ್ಯಾಸ ಆದರೆ ಹಿಂದೆ ತಿರುಗಿ ನೋಡುವುದಿಲ್ಲ. ನಾನು ಸೋರಾದಿಂದ ಆರ್7000ಗೆ (105ರ ಒಂದು ಮಾದರಿ) ಬಂದವನು. ಬ್ರೇಕ್ ಕೂಡ ಬೇರೆ ಮಟ್ಟದ್ದು.

ಚೈನ್_ಅಳತೆ

ಸಾರ್, ದುಡ್ಡು ತೆಗೆಯುವ ಮುಂಚೆ ಒಂದು ಪ್ರಶ್ನೆ. ಚೈನ್ ಅಳೆದಿದ್ದೀರಾ? ಜೋರಾಗಿ ತುಳಿದಾಗ ಮಾತ್ರ ಹಾರುತ್ತದೆ ಅಂದರೆ ಅದು ಸವೆದ ಚೈನ್, ಸವೆದ ಹಲ್ಲು. ಗ್ರೂಪ್‌ಸೆಟ್‌ನ ದರ್ಜೆಗೂ ಅದಕ್ಕೂ ಸಂಬಂಧ ಇಲ್ಲ. 105 ಚೈನ್ ಕೂಡ ಸವೆದರೆ ಹೀಗೇ ಹಾರುತ್ತದೆ.

ಚೈನ್ ಚೆಕರ್ ಅಂತ ಒಂದು ಸಣ್ಣ ಕಬ್ಬಿಣದ ಪಟ್ಟಿ ಸಿಗುತ್ತದೆ. 8, 9, 10 ಸ್ಪೀಡ್ (ಹಿಂದಿನ ಗೇರ್‌ಗಳ ಸಂಖ್ಯೆ) ಚೈನ್ 0.75 ಗುರುತು ಮುಟ್ಟಿದರೆ ತೆಗೆದು ಬಿಸಾಕಿ. 11, 12 ಸ್ಪೀಡ್ ಆದರೆ 0.5ಕ್ಕೇ ಬದಲಾಯಿಸಬೇಕು. ತಡ ಮಾಡಿದಷ್ಟೂ ಕ್ಯಾಸೆಟ್ ತಿನ್ನುತ್ತದೆ.

ತುಳಿಯುವ ಒತ್ತಡ ಇಲ್ಲದೆಯೂ ಗೇರ್ ತಾನಾಗೇ ಬದಲಾಗುತ್ತಿದ್ದರೆ ಮಾತ್ರ ಬೇರೆ ಕಾರಣ ಹುಡುಕಬೇಕು. ಆಗ ಹಳೇ ಕೇಬಲ್, ಇಲ್ಲವೇ ಬಾಗಿದ ಹ್ಯಾಂಗರ್, ಅಂದರೆ ಹಿಂದಿನ ಡಿರೇಲರ್ (ಚೈನನ್ನ ಹಲ್ಲಿಂದ ಹಲ್ಲಿಗೆ ಸರಿಸುವ ಭಾಗ) ತೂಗುವ ಕೊಕ್ಕೆ. ಸೈಕಲ್ ಬಲಗಡೆಗೆ ಒಂದು ಸಲ ಬಿದ್ದರೆ ಸಾಕು, ಹ್ಯಾಂಗರ್ ಬಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ.

ಗೇರ್_ಗಣಿತ

ಏರಿನ ಲೆಕ್ಕ ನಾನು ಹೇಳುತ್ತೇನೆ.

34 ಬೈ 28 ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ 1.21 ಸುತ್ತು ತಿರುಗುತ್ತದೆ. 25 ಎಂಎಂ ಟೈರಿನ ಸುತ್ತಳತೆ ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿಯಬೇಕಾದರೆ ನೀವು ಗಂಟೆಗೆ 9.2 ಕಿ.ಮೀ. ವೇಗದಲ್ಲಿ ಹತ್ತಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ತುಳಿತ ನಿಧಾನ ಆಗುತ್ತದೆ, ಭಾರವೆಲ್ಲ ಮಂಡಿಗೆ ಬೀಳುತ್ತದೆ. ಹಿಂದೆ 32 ಹಲ್ಲಿನ ಗೇರ್ ಇದ್ದರೆ ಅದೇ 60 ಸುತ್ತಿಗೆ 8 ಕಿ.ಮೀ. ಸಾಕು. 34 ಇದ್ದರೆ 7.6.

ಈಗ ನೋಡಿ. 50/34 ಮತ್ತು 11-28 ಇಟ್ಟುಕೊಂಡು ಕ್ಲಾರಿಸ್ ತೆಗೆದು 105 ಹಾಕಿದರೆ ನಂದಿ ಏರಿನಲ್ಲಿ ಒಂದು ಚೂರೂ ಹಗುರ ಆಗುವುದಿಲ್ಲ. ಹಲ್ಲಿನ ಲೆಕ್ಕ ಅದೇ ಇರುತ್ತದೆ. ನಿಮಗೆ ಬೇಕಿರುವುದು ದೊಡ್ಡ ಕ್ಯಾಸೆಟ್. 8 ಸ್ಪೀಡ್ 11-32 ತುಂಬ ಅಗ್ಗ. ಅಷ್ಟಕ್ಕೇ ಏರಿನ ಸಮಸ್ಯೆ ಮುಗಿಯಿತು.

ಹೆಬ್ಬಾಳದ_ಗಾಳಿ

ತೂಕ ಇಳಿಯುತ್ತದಲ್ವಾ? ಅದನ್ನ ಯಾಕೆ ಲೆಕ್ಕಕ್ಕೆ ತಗೊಳ್ಳಲಿಲ್ಲ?

ಗೇರ್_ಗಣಿತ

ಇಳಿಯುವುದು ಒಂದು ತುಂಬಿದ ನೀರಿನ ಬಾಟಲಿಯಷ್ಟು. ಸೈಕಲ್ಲು, ಸವಾರ ಸೇರಿ 80-85 ಕಿಲೋ ಇರುವಾಗ ಅದರಿಂದ ಮಂಡಿ ನೋವು ಹೋಗುವುದಿಲ್ಲ.

ವಿಜಯನಗರ_ರೈಡರ್

ಪಕ್ಕದ ಮನೆಯ ಅಣ್ಣನ ಹತ್ತಿರ ಚೆಕರ್ ಇತ್ತು, ಇಸ್ಕೊಂಡು ನೋಡಿದೆ. 0.75 ಗುರುತು ಸಲೀಸಾಗಿ ಇಳಿಯಿತು. ಚೈನ್ ಹೋಗಿದೆ. ಹಿಂದಿನ ಡಿರೇಲರ್ ಮೇಲೆ ಆರ್‌ಡಿ-ಆರ್2000-ಜಿಎಸ್ ಅಂತ ಇದೆ. ಇದಕ್ಕೆ 32 ಹಿಡಿಯುತ್ತದಾ?

ಗ್ಯಾರೇಜ್_ಕೈ

ಹಿಡಿಯುತ್ತದೆ. ಜಿಎಸ್ ಅಂದರೆ ಮಧ್ಯಮ ಉದ್ದದ ಕೇಜ್ (ಚೈನ್ ಹಾಯುವ ಎರಡು ಪುಟ್ಟ ಗಾಲಿ, ಅಂದರೆ ಪುಲ್ಲಿ, ಇರುವ ತೋಳು), ಎಸ್‌ಎಸ್ ಅಂದರೆ ಗಿಡ್ಡ. ಆರ್2000 ಜಿಎಸ್ 34ರವರೆಗೂ ಎಳೆಯುತ್ತದೆ. ಬಿ-ಸ್ಕ್ರೂ ಸ್ವಲ್ಪ ಒಳಗೆ ತಿರುಗಿಸಬೇಕು, ಇಲ್ಲದಿದ್ದರೆ ಮೇಲಿನ ಪುಲ್ಲಿ ದೊಡ್ಡ ಹಲ್ಲಿಗೆ ತಾಗಿ ಗರಗರ ಅನ್ನುತ್ತದೆ.

ನಾನು ಸೈಕಲ್ ರಿಪೇರಿ ಕೆಲಸದವನು, ಅದಕ್ಕೇ 105 ಬಗ್ಗೆ ಒಂದು ಮಾತು ಹೇಳಲೇಬೇಕು. ಯಾರೂ ಹಬ್ (ಚಕ್ರದ ಮಧ್ಯಭಾಗ) ವಿಷಯ ಎತ್ತಲಿಲ್ಲ. ಶಿಮಾನೋದಲ್ಲಿ 8, 9, 10 ಸ್ಪೀಡ್ ಕ್ಯಾಸೆಟ್ ಕೂರುವ ಫ್ರೀಹಬ್ ಒಂದೇ ಅಳತೆ. ರೋಡ್ 11 ಸ್ಪೀಡ್‌ನದ್ದು 1.85 ಎಂಎಂ ಉದ್ದ. ಕ್ಲಾರಿಸ್ ಜೊತೆ ಬಂದ ಚಕ್ರದಲ್ಲಿ ಬಹಳ ಸಲ ಚಿಕ್ಕ ಹಬ್ ಇರುತ್ತದೆ. ಅದರ ಮೇಲೆ 11 ಸ್ಪೀಡ್ 11-28 ಅಥವಾ 11-32 ಕೂರುವುದಿಲ್ಲ. 105 ಸೆಟ್ ಕೊಂಡು ಮನೆಗೆ ತಂದು, ಆಮೇಲೆ ಹಿಂದಿನ ಚಕ್ರಕ್ಕೂ ದುಡ್ಡು ಹಾಕಿದವರನ್ನ ಬೇಕಾದಷ್ಟು ನೋಡಿದ್ದೇನೆ. ಗಿರಾಕಿಗೆ ಇದನ್ನ ಮೊದಲೇ ಹೇಳುವುದು ಅಂಗಡಿಯವರ ಕೆಲಸ.

7 ಸ್ಪೀಡ್ ಸೈಕಲ್ ಇರುವವರೂ ಕೇಳಿಸ್ಕೊಳ್ಳಿ. ನಿಮ್ಮಲ್ಲಿ ಬಹಳ ಜನರದ್ದು ಕ್ಯಾಸೆಟ್ಟೇ ಅಲ್ಲ, ಹಬ್ ಮೇಲೆ ತಿರುಪುವ ಫ್ರೀವೀಲ್. ಅಲ್ಲಿ ಯಾವ ಗ್ರೂಪ್‌ಸೆಟ್ ಹಾಕಬೇಕಾದರೂ ಮೊದಲು ಹಿಂದಿನ ಚಕ್ರ ಬದಲಾಗಬೇಕು.

ಹೆಬ್ಬಾಳದ_ಗಾಳಿ

ಪೂರ್ತಿ ಸರಿ ಅಲ್ಲ. ಶಿಮಾನೋ ಎಚ್‌ಜಿ700 11-34 ಕ್ಯಾಸೆಟ್ 11 ಸ್ಪೀಡ್ ಆದರೂ ಹಳೇ 10 ಸ್ಪೀಡ್ ಹಬ್ ಮೇಲೆ ಕೂರುತ್ತದೆ. ಉದ್ದದ ಹಬ್‌ಗೆ ಹಾಕಬೇಕಾದರೆ 1.85 ಎಂಎಂ ಸ್ಪೇಸರ್ ಕೊಟ್ಟಿರುತ್ತಾರೆ.

ಗ್ಯಾರೇಜ್_ಕೈ

ಹೌದು ಅಣ್ಣ, ಅದು ಸರಿ. ದೊಡ್ಡ ಹಲ್ಲುಗಳು ಸ್ಪೋಕ್ ಕಡೆಗೆ ಬಾಗಿರುವುದರಿಂದ ಕೂರುತ್ತದೆ. ಆದರೆ ಆಯ್ಕೆ ಅಷ್ಟಕ್ಕೇ ನಿಂತುಬಿಡುತ್ತದೆ. ಚಕ್ರ ಉಳಿಸಿಕೊಂಡು 11 ಸ್ಪೀಡ್ ಬೇಕು ಅನ್ನುವವರಿಗೆ ಅದೊಂದು ದಾರಿ.

ಜೋಡಿಚಕ್ರ_ಜಯನಗರ

ಕ್ಲಾರಿಸ್ ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್-ಬ್ರೇಕ್ ಲಿವರ್) ಇಟ್ಕೊಂಡು ಟಿಯಾಗ್ರಾ 4700 ಹಿಂದಿನ ಡಿರೇಲರ್ ಮಾತ್ರ ಹಾಕಿದರೆ ಆಗಲ್ವಾ? ಕಡಿಮೆ ಖರ್ಚಲ್ಲಿ ಮುಗಿಯುತ್ತದೆ.

ಚೈನ್_ಅಳತೆ

ಆಗುವುದಿಲ್ಲ. 4700ರಿಂದ ಟಿಯಾಗ್ರಾದ ಕೇಬಲ್ ಎಳೆತದ ಲೆಕ್ಕವೇ ಬದಲಾಯಿತು. ಅದು 11 ಸ್ಪೀಡ್ 105 ಜೊತೆ ಹೊಂದುತ್ತದೆ, ಕ್ಲಾರಿಸ್, ಸೋರಾ ಜೊತೆ ಅಲ್ಲ. ಲಿವರ್ ಒಂದು ಸಲ ಒತ್ತಿದರೆ ಡಿರೇಲರ್ ಸರಿಯಾದ ಹಲ್ಲಿಗೆ ಹೋಗಿ ನಿಲ್ಲುವುದಿಲ್ಲ. ಹಳೇ ಟಿಯಾಗ್ರಾ 4600 ಆದರೆ ಕೆಲಸ ಮಾಡುತ್ತದೆ. ಹೆಸರು ಒಂದೇ ಇದ್ದರೂ ನಂಬರ್ ನೋಡಿ ಕೊಳ್ಳಬೇಕು.

ಮುಂಜಾವಿನ_ಮಲ್ಲೇಶ್ವರ

ಮಂಡಿ ನೋವಿನ ಬಗ್ಗೆ ಯಾಕೆ ಯಾರೂ ಸೀಟಿನ ಎತ್ತರ ಕೇಳಲಿಲ್ಲ? ನೋವು ಮಂಡಿಯ ಮುಂಭಾಗದಲ್ಲಿ ಇದ್ದರೆ ಸೀಟು ತಗ್ಗಾಗಿರಬಹುದು. ಮೊದಲು ಅದನ್ನ ಸರಿಮಾಡಿ, ಖರ್ಚಿಲ್ಲ.

ಇನ್ನೊಂದು ಮಾತು. ಎಲ್ಲರೂ ಡಿರೇಲರ್ ಬಗ್ಗೆ ಬರೀತಿದ್ದೀರಿ. ದಿನವಿಡೀ ಕೈ ಇರುವುದು ಶಿಫ್ಟರ್ ಮೇಲೆ. ನನ್ನ ಕೈ ಚಿಕ್ಕದು. ಹಳೇ ಸೈಕಲ್ಲಿನಲ್ಲಿ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲು ಬೆರಳು ಚಾಚಿ ಚಾಚಿ ಮುಂಗೈ ನೋಯುತ್ತಿತ್ತು. ಆರ್7000 ಶಿಫ್ಟರ್‌ನಲ್ಲಿ ಲಿವರ್ ಹತ್ತಿರ ತರುವ ಸ್ಕ್ರೂ ಇದೆ. ನನಗೆ ಅಪ್‌ಗ್ರೇಡ್ ಅಂದರೆ ಅದೇ ಆಯಿತು. ದುಡ್ಡು ಕಡಿಮೆ ಇದ್ದರೆ ಅದನ್ನ ಶಿಫ್ಟರ್ ಮೇಲೆ ಹಾಕಿ, ಕ್ರ್ಯಾಂಕ್ (ಪೆಡಲ್ ಹಿಡಿದ ತೋಳು) ಮೇಲೆ ಅಲ್ಲ.

ವಿಜಯನಗರ_ರೈಡರ್

ಧನ್ಯವಾದ ಮೇಡಂ. ನೋವು ಮುಂಭಾಗದಲ್ಲೇ. ಇವತ್ತೇ ಸೀಟು ನೋಡುತ್ತೇನೆ.

ಹಾಗಾದರೆ 11-32 ಕ್ಯಾಸೆಟ್, ಹೊಸ ಚೈನ್, ಇಷ್ಟೇ ಸಾಕಾ?

ಗಾಳಿಗೆ_ಎದುರು

ಸಾಲದು. ಗೇರ್_ಗಣಿತ ಅವರು ಹೇಳಿದ್ದರಲ್ಲಿ ಅರ್ಧ ಬಿಟ್ಟುಹೋಗಿದೆ.

8 ಸ್ಪೀಡ್ 11-28ರಲ್ಲಿ ಹಲ್ಲು ಹೀಗಿರುತ್ತದೆ: 11-13-15-17-19-21-24-28. ಅದೇ 11-32ರಲ್ಲಿ 11-13-15-18-21-24-28-32. ಮಧ್ಯದಲ್ಲಿ ನೋಡಿ. 15ರಿಂದ 17ಕ್ಕೆ ಹೋಗುತ್ತಿದ್ದದ್ದು ಈಗ 15ರಿಂದ 18ಕ್ಕೆ. 20 ಪರ್ಸೆಂಟ್ ನೆಗೆತ. ಸಪಾಟು ರಸ್ತೆಯಲ್ಲಿ ಎದುರುಗಾಳಿ ಇದ್ದಾಗ ನಾವು ಓಡಾಡುವುದೇ ಈ ಮಧ್ಯದ ಹಲ್ಲುಗಳಲ್ಲಿ. ಏರು ಹಗುರ ಆಗುತ್ತದೆ, ಏರ್‌ಪೋರ್ಟ್ ರೋಡ್ ಇನ್ನೂ ಕಷ್ಟ ಆಗುತ್ತದೆ. ಇವರು ಎರಡನ್ನೂ ಕೇಳಿದ್ದಾರೆ.

8 ಗೇರ್ ಇಟ್ಟುಕೊಂಡು ಎರಡೂ ಸಿಗುವುದಿಲ್ಲ. ಗೇರ್ ಸಂಖ್ಯೆ ಹೆಚ್ಚಾಗಲೇಬೇಕು. ಟಿಯಾಗ್ರಾ 10 ಸ್ಪೀಡ್ 11-32 ನೋಡಿ: 11-12-14-16-18-20-22-25-28-32. ಹತ್ತಲು 32, ಗಾಳಿಗೆ 14-16-18-20.

ಗೇರ್_ಗಣಿತ

ಒಪ್ಪಿದೆ. ನಾನು ಏರಿನ ಲೆಕ್ಕ ಮಾತ್ರ ಮಾಡಿದ್ದೆ, ಗಾಳಿಯ ಲೆಕ್ಕ ನೀವು ಮಾಡಿದಿರಿ.

ಟೈರ್_ಮೊದಲು

ಎಲ್ಲ ಬಿಟ್ಟು ಟೈರ್ ಬದಲಾಯಿಸಿ. ಸೈಕಲ್ ಜೊತೆ ಬರುವ ತಂತಿ ಅಂಚಿನ ಟೈರ್ ತೆಗೆದು ಒಳ್ಳೇ 28 ಎಂಎಂ ಹಾಕಿ, ಗಾಳಿ ಸ್ವಲ್ಪ ಕಡಿಮೆ ಇಡಿ. ನಮ್ಮ ಗುಂಡಿ ರಸ್ತೆಗಳಲ್ಲಿ ಯಾವ ಗ್ರೂಪ್‌ಸೆಟ್ಟೂ ಕೊಡದ ಸುಖ ಅದು ಕೊಡುತ್ತದೆ. ಫ್ರೇಮ್ ಮತ್ತು ಬ್ರೇಕ್ ಒಳಗೆ ಜಾಗ ಇದೆಯಾ ನೋಡ್ಕೊಳ್ಳಿ ಅಷ್ಟೇ.

ಕಬ್ಬನ್‌ಪಾರ್ಕ್_ಸುತ್ತು

ಗುಂಡಿ ಅಂದ ತಕ್ಷಣ ನೆನಪಾಯಿತು. ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಸೈಕಲ್ ಲೇನ್ ಮಾಡಿದ್ದರಲ್ಲ, ಎಷ್ಟು ಚೆನ್ನಾಗಿತ್ತು. ಆಫೀಸಿಗೆ ಹೋಗುವಾಗ ಬಸ್ಸಿನ ಭಯ ಇರಲಿಲ್ಲ. ಅಂಥದ್ದು ಊರಿನ ತುಂಬ ಬೇಕು.

ಜೋಡಿಚಕ್ರ_ಜಯನಗರ

ನಿಜ. ಮೆಟ್ರೋ ಕೆಲಸ ಮುಗಿದ ಮೇಲೆ ಮತ್ತೆ ಮಾಡಲಿ ಅಂತ ನಾವೇ ಕೇಳಬೇಕು. ಮಕ್ಕಳನ್ನ ಸೈಕಲ್ಲಿನಲ್ಲಿ ಸ್ಕೂಲಿಗೆ ಕಳಿಸಲು ಎಷ್ಟು ಅಪ್ಪ-ಅಮ್ಮಂದಿರು ಹೆದರುತ್ತಾರೆ ಅಂತ ಗೊತ್ತಾ?

ತಟ್ಟೆಇಡ್ಲಿ_ಬ್ರೇಕ್

ಭಾನುವಾರ ನಂದಿಗೆ ಯಾರು ಯಾರು ಹೋಗ್ತಿದ್ದೀರಿ? ಹೆಬ್ಬಾಳ ಫ್ಲೈಓವರ್ ಕೆಳಗೆ ಸೇರೋಣ. ಬರುವಾಗ ದೇವನಹಳ್ಳಿಯಲ್ಲಿ ತಿಂಡಿ.

ಗ್ಯಾರೇಜ್_ಕೈ

ತಿಂಡಿ ವಿಷಯ ಆಮೇಲೆ, ಮೊದಲು ಬ್ರೇಕ್ ವಿಷಯ. ನಂದಿ ಹತ್ತುವ ಬಗ್ಗೆ ಇಷ್ಟು ಮಾತಾಡಿದೆವು, ಇಳಿಯುವ ಬಗ್ಗೆ ಯಾರೂ ಹೇಳಲಿಲ್ಲ. ಬೆಟ್ಟದ ತುದಿ 1478 ಮೀಟರ್, ಬೆಂಗಳೂರು ಸುಮಾರು 920. ಬೆಳಗ್ಗೆ ಮಂಜಿಗೆ ರಸ್ತೆ ಒದ್ದೆ, ಒಂದರ ಹಿಂದೆ ಒಂದು ತಿರುವು, ಎದುರಿಗೆ ಕಾರು. ರಿಮ್ ಬ್ರೇಕ್‌ನ ಕಲ್ಲಿನಂತಾದ ಹಳೇ ಪ್ಯಾಡ್ ಇಟ್ಟುಕೊಂಡು ಅಲ್ಲಿ ಇಳಿಯಬೇಡಿ. ಶಿಮಾನೋ ಆರ್55ಸಿ4 ಪ್ಯಾಡ್ ಹೋಲ್ಡರ್ ಸಮೇತ ಸಿಗುತ್ತದೆ. ಅದನ್ನ ಹಾಕಿ, ಬ್ರೇಕ್ ಕೇಬಲ್ ಹೊಸದು ಮಾಡಿಸಿ. ರಿಮ್ಮನ್ನ ಬಟ್ಟೆಯಿಂದ ಒರೆಸಿ, ಪ್ಯಾಡಿನಲ್ಲಿ ಸಿಕ್ಕಿಕೊಂಡ ಅಲ್ಯೂಮಿನಿಯಂ ಚೂರು ಚುಚ್ಚಿ ತೆಗೆಯಿರಿ. ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ.

ಗೇರ್ ಕೇಬಲ್ ಕೂಡ ಇದೇ ಕಥೆ. ಮಳೆಗಾಲ ಕಳೆದ ಮೇಲೆ "ಶಿಫ್ಟಿಂಗ್ ಸರಿ ಇಲ್ಲ" ಅಂತ ಬರುವ ಸೈಕಲ್‌ಗಳಲ್ಲಿ ಬಹುಪಾಲು ಒಳಗಿನ ತಂತಿ ತುಕ್ಕು ಹಿಡಿದಿರುತ್ತದೆ, ಔಟರ್ (ತಂತಿಯ ಹೊರಗಿನ ಕೊಳವೆ) ಒಳಗೆ ಕೆಸರು ಕೂತಿರುತ್ತದೆ. ತಂತಿ, ಔಟರ್ ಎರಡೂ ಬದಲಾಯಿಸಿದರೆ ಕ್ಲಾರಿಸ್ ಕೂಡ ಹೊಸದರ ಹಾಗೆ ಕೆಲಸ ಮಾಡುತ್ತದೆ.

ಚೈನಾ_ಸೆಟ್_ನೋಡಿದವನು

ಚೀನಾದ ಸೆನ್ಸಾ, ಎಲ್‌ಟ್ವೂ ಗ್ರೂಪ್‌ಸೆಟ್ ಯಾರಾದರೂ ನೋಡಿದ್ದೀರಾ? ಸೆನ್ಸಾ ಎಂಪೈರ್ 11 ಸ್ಪೀಡ್ ಶಿಮಾನೋಗಿಂತ ಬಹಳ ಕಡಿಮೆಗೆ ಸಿಗುತ್ತದೆ.

ಚೈನ್_ಅಳತೆ

ನೋಡಿದ್ದೇನೆ. ಗೆಳೆಯನ ಸೈಕಲ್ಲಿನಲ್ಲಿ ಸೆನ್ಸಾ ಇದೆ, ಚೆನ್ನಾಗೇ ನಡೆಯುತ್ತಿದೆ. ನನ್ನ ಅಡ್ಡಿ ಒಂದೇ. ಬಿಆರ್‌ಎಂನಲ್ಲಿ ಯಾವುದೋ ಊರಲ್ಲಿ ಶಿಫ್ಟರ್ ಕೈಕೊಟ್ಟರೆ, ಬಿಡಿಭಾಗ ಸಿಗುವುದು ಶಿಮಾನೋಗೆ. 11 ಸ್ಪೀಡ್ ಆದ್ದರಿಂದ ಹಬ್ ಸಮಸ್ಯೆ ಇಲ್ಲೂ ಇದೆ.

ಹಳೇಸೈಕಲ್_ಹೊಸಮನೆ

ನನ್ನ ಅಭಿಪ್ರಾಯ ಬೇರೆ. ಇರುವ ಸೈಕಲ್ ಮಾರಿ, ಆ ದುಡ್ಡು ಮತ್ತು ಈ 20 ಸಾವಿರ ಸೇರಿಸಿ, 105 ಇರುವ ಪೂರ್ತಿ ಸೈಕಲ್ಲನ್ನೇ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಳ್ಳಿ. ಬಿಡಿಬಿಡಿಯಾಗಿ ಕೊಂಡರೆ ಯಾವಾಗಲೂ ಜಾಸ್ತಿ. ಒಳ್ಳೇ ಚಕ್ರವೂ ಬರುತ್ತದೆ.

ಮುಂಜಾವಿನ_ಮಲ್ಲೇಶ್ವರ

ಅಳತೆ ಸರಿ ಇದ್ದರೆ ಒಪ್ಪುತ್ತೇನೆ. ಬೆಲೆ ನೋಡಿ ಒಂದು ಸೈಜ್ ದೊಡ್ಡ ಫ್ರೇಮ್ ತಂದು ಬೆನ್ನು ನೋವು ಮಾಡಿಕೊಂಡವರು ನಮ್ಮ ಗುಂಪಿನಲ್ಲೇ ಇದ್ದಾರೆ. ಇವರಿಗೆ ಈಗಿನ ಫ್ರೇಮ್ ಹೊಂದುತ್ತದೆ ಅಂದರೆ ಅದನ್ನ ಬಿಡುವುದು ಬೇಡ.

ಹೆಬ್ಬಾಳದ_ಗಾಳಿ

ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ಒಂದು ವಿಷಯ. 12 ಸ್ಪೀಡ್ 105 ಬಂದದ್ದು ಡಿಸ್ಕ್ ಬ್ರೇಕ್‌ಗೆ ಮಾತ್ರ. ಡಿಐ2 (ಎಲೆಕ್ಟ್ರಾನಿಕ್) 2022ರಲ್ಲಿ, ಕೇಬಲ್‌ನದ್ದು 2023ರಲ್ಲಿ. ರಿಮ್ ಬ್ರೇಕ್‌ನವರಿಗೆ 105ರಲ್ಲಿ ಆರ್7000ವೇ ಕೊನೆ. ಅದಕ್ಕೇ ಒಳ್ಳೇ ಸ್ಥಿತಿಯ ಆರ್7000 ಸಿಕ್ಕರೆ ಬಿಡಬೇಡಿ ಅನ್ನುತ್ತೇನೆ. ಹಿಂದಿನ ಡಿರೇಲರ್ ಜಿಎಸ್ ಇರಲಿ. ಎಸ್‌ಎಸ್ ಆದರೆ 30 ಹಲ್ಲಿಗೇ ನಿಲ್ಲುತ್ತದೆ.

ಗ್ಯಾರೇಜ್_ಕೈ

ಕೊಳ್ಳುವಾಗ ಪ್ರತಿ ಗೇರನ್ನೂ ಮೇಲೆ ಕೆಳಗೆ ಹಾಕಿ ನೋಡಿ. ಶಿಫ್ಟರ್ ಒಳಗಿನದು ಹೋಗಿದ್ದರೆ ರಿಪೇರಿ ಕಷ್ಟ. "ಅಲ್ಟೆಗ್ರಾ ಕ್ರ್ಯಾಂಕ್ ಫ್ರೀ ಕೊಡ್ತೀನಿ" ಅಂದರೆ ಇನ್ನೂ ಜಾಗ್ರತೆ. 105ಕ್ಕಿಂತ ಮೇಲಿನ ದರ್ಜೆಯ, 11 ಸ್ಪೀಡ್ ಕಾಲದ ಅಲ್ಟೆಗ್ರಾ, ಡ್ಯುರಾ-ಏಸ್ ಕ್ರ್ಯಾಂಕ್‌ಗಳು ಎರಡು ಹೋಳು ಅಂಟಿಸಿ ಮಾಡಿದವು. ಅಂಟು ಬಿಡಬಹುದು ಅಂತ 2023ರಲ್ಲಿ ಶಿಮಾನೋ ತಾನೇ ತಪಾಸಣೆಗೆ ಕರೆದಿತ್ತು. ತೋಳಿನ ಹಿಂದೆ ಇರುವ ಕೋಡ್ ನೋಡದೆ ತಗೊಳ್ಳಬೇಡಿ. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಅದು ಬಿಟ್ಟುಕೊಂಡರೆ ಹಲ್ಲು ಮುರಿಯುತ್ತದೆ, ಸೈಕಲ್‌ದಲ್ಲ, ನಮ್ಮದು.

ಗಾಳಿಗೆ_ಎದುರು

ಎಲ್ಲರೂ ಟಿಯಾಗ್ರಾ, 105 ಅಂತ ಎರಡೇ ಹಿಡ್ಕೊಂಡಿದ್ದೀವಿ. ಮಧ್ಯದಲ್ಲಿ ಸೋರಾ ಇದೆಯಲ್ಲ?

ಸೋರಾ ಆರ್3000 9 ಸ್ಪೀಡ್. ಕ್ಯಾಸೆಟ್ 11-32 ಹೀಗಿದೆ: 11-12-14-16-18-21-24-28-32. ಗಾಳಿಗೆ ಬೇಕಾದ 14-16-18 ಇದೆ, ಏರಿಗೆ 32 ಇದೆ. ಈಗಿನ ಹಬ್ ಮೇಲೆ ಹಾಗೇ ಕೂರುತ್ತದೆ. ಮುಖ್ಯ ವಿಷಯ ಇನ್ನೊಂದು. ಹಿಂದಿನ ಡಿರೇಲರ್‌ಗೆ ಕ್ಲಾರಿಸ್, ಸೋರಾ ಎರಡರ ಕೇಬಲ್ ಎಳೆತವೂ ಒಂದೇ. ಎಷ್ಟು ಗೇರ್ ಅನ್ನುವುದು ಶಿಫ್ಟರ್ ಒಳಗೆ ಇರುತ್ತದೆ, ಡಿರೇಲರ್‌ನಲ್ಲಿ ಅಲ್ಲ. ಅಂದರೆ ನಿಮ್ಮ ಕ್ಲಾರಿಸ್ ಜಿಎಸ್ ಡಿರೇಲರ್ ಹಾಗೇ ಉಳಿಯುತ್ತದೆ. ಸೋರಾ ಶಿಫ್ಟರ್ ಜೋಡಿ, 9 ಸ್ಪೀಡ್ ಕ್ಯಾಸೆಟ್, ಚೈನ್, ಕೇಬಲ್. ಕ್ರ್ಯಾಂಕ್ ಮುಟ್ಟಬೇಡಿ. ಬ್ರೇಕ್ ಕ್ಯಾಲಿಪರ್ ಮುಟ್ಟಬೇಡಿ, ಪ್ಯಾಡ್ ಮಾತ್ರ.

ಗ್ಯಾರೇಜ್_ಕೈ

ಇದು ಸರಿಯಾದ ಮಾತು. ನಾನೇ ಹೀಗೆ ಕೂರಿಸಿ ಕೊಟ್ಟಿದ್ದೇನೆ, ನಡೆಯುತ್ತದೆ. ಮುಂದಿನ ಡಿರೇಲರ್ ಮಾತ್ರ ಸೋರಾದ್ದೇ ಹಾಕಿಬಿಡಿ, ಜಾಸ್ತಿ ಬೆಲೆ ಇಲ್ಲ, ಆಮೇಲೆ ತಲೆನೋವಿಲ್ಲ. ಕೊಳ್ಳುವ ಮುಂಚೆ ಫ್ರೇಮಿನಲ್ಲಿ ಅದು ಬ್ರೇಜ್-ಆನ್ ಕೊಕ್ಕೆಗೆ ಕೂರುವುದಾ, ಪಟ್ಟಿ ಹಾಕಿ ಬಿಗಿಯುವುದಾ ನೋಡಿ. ಪಟ್ಟಿ ಆದರೆ ಟ್ಯೂಬಿನ ದಪ್ಪ ಅಳೆದುಕೊಂಡು ಹೋಗಿ.

ಹೆಬ್ಬಾಳದ_ಗಾಳಿ

ನಾನು ಸೋರಾ ಓಡಿಸಿ 105ಗೆ ಹೋದವನು, ಆದ್ದರಿಂದ ಹೇಳುತ್ತೇನೆ, 105 ಒತ್ತಿದಾಗ ಇರುವ ಹಗುರತನ ಸೋರಾದಲ್ಲಿ ಇಲ್ಲ. ಆದರೆ 20 ಸಾವಿರ, ಹಳೇ ಹಬ್, ಈ ಎರಡು ಕಟ್ಟು ಇರುವಾಗ ಇದಕ್ಕಿಂತ ಒಳ್ಳೇ ದಾರಿ ನನಗೂ ಕಾಣುತ್ತಿಲ್ಲ.

ಟೈರ್_ಮೊದಲು

ದುಡ್ಡು ಉಳಿದರೆ ಟೈರ್!

ಬಿಆರ್‌ಎಂ_ಅಜ್ಜ

200 ಕಿ.ಮೀ. ಬಿಆರ್‌ಎಂಗೆ ಸಮಯ 13 ಗಂಟೆ 30 ನಿಮಿಷ. ಊಟ, ಪಂಕ್ಚರ್ ಎಲ್ಲ ಸೇರಿ ಸರಾಸರಿ 15 ಕಿ.ಮೀ. ಕೂಡ ಬೇಡ. ಅದನ್ನ ಮುಗಿಸಲು 11 ಗೇರ್ ಬೇಕಿಲ್ಲ ಮಗಾ. ಮಂಡಿ ಸುಸ್ತಾಗದ ಒಂದು ಹಗುರ ಗೇರ್, ಕೈಕೊಡದ ಬ್ರೇಕ್, ಅಭ್ಯಾಸವಾದ ಸೀಟು. ಹೊಸ ಭಾಗ ಹಾಕಿಸಿದ ಮೇಲೆ ಕೇಬಲ್ ಎಳೆದುಕೊಂಡು ಸಡಿಲ ಆಗುತ್ತದೆ. ಎರಡು ವಾರ ಓಡಿಸಿ, ಮತ್ತೆ ಟ್ಯೂನ್ ಮಾಡಿಸಿ, ಆಮೇಲೆ ಬಿಆರ್‌ಎಂಗೆ ಬಾ.

ವಿಜಯನಗರ_ರೈಡರ್

ಎಲ್ಲರಿಗೂ ತುಂಬ ಧನ್ಯವಾದ. ಬೇರೆ ಅಂಗಡಿಗೆ ಫೋನ್ ಮಾಡಿ ಕೇಳಿದೆ. ಸೋರಾ ಶಿಫ್ಟರ್, ಮುಂದಿನ ಡಿರೇಲರ್, ಕ್ಯಾಸೆಟ್, ಚೈನ್, ಕೇಬಲ್, ಪ್ಯಾಡ್, ಕೂಲಿ ಎಲ್ಲ ಸೇರಿ 20 ಸಾವಿರದ ಒಳಗೇ ಆಗುತ್ತದೆ ಅಂದರು. ಹ್ಯಾಂಗರ್ ಕೂಡ ಗೇಜ್ ಹಾಕಿ ನೋಡುತ್ತಾರಂತೆ. ಶನಿವಾರ ಸೈಕಲ್ ಕೊಡುತ್ತೇನೆ. ಸೀಟು ಸ್ವಲ್ಪ ಏರಿಸಿದ್ದೇನೆ, ಆಗಲೇ ಆರಾಮ ಅನಿಸುತ್ತಿದೆ.

ಹೊಸ ಚೈನನ್ನ ಹಳೇ ಚೈನ್ ಅಳತೆಗೇ ಕತ್ತರಿಸಲು ಹೇಳಲಾ?

ಗ್ಯಾರೇಜ್_ಕೈ

ಬೇಡ. ಹಿಂದೆ 28 ಹೋಗಿ 32 ಬರುತ್ತಿದೆ, ಹಳೇ ಅಳತೆ ಗಿಡ್ಡ ಆಗಬಹುದು. ಡಿರೇಲರ್ ಒಳಗೆ ತೂರಿಸದೆ, ಮುಂದಿನ ದೊಡ್ಡ ಹಲ್ಲು, ಹಿಂದಿನ ದೊಡ್ಡ ಹಲ್ಲು ಎರಡರ ಮೇಲೂ ಸುತ್ತಿ, ಅದರ ಮೇಲೆ ಎರಡು ಕೊಂಡಿ ಬಿಟ್ಟು ಕತ್ತರಿಸಲಿ. ಗಿಡ್ಡ ಚೈನ್ ಹಾಕಿ ತಪ್ಪಿ ದೊಡ್ಡದು-ದೊಡ್ಡದಕ್ಕೆ ಹೋದರೆ ಡಿರೇಲರ್ ಕಿತ್ತುಬರುತ್ತದೆ. ಕತ್ತರಿಸುವಾಗ ಪಕ್ಕದಲ್ಲೇ ನಿಂತು ನೋಡಿ.